ಬಿಸಿನೀರು ನಮಗೂ ಬೇಕು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ರಜೆಗಳ ಮಾತು ನಡೆಯುವ ಈ ವೇದಿಕೆಯಲ್ಲಿ ಇವನೇನಪ್ಪಾ ಸ್ನಾನದ ನೀರಿನ ಮಾತೆತ್ತಿದ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಪುಷ್ಯಮಾಸದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿ ಒಲೆ ಹಚ್ಚುವವನಿಗೆ ಹೈದರಾಬಾದಿನ ತೊಟ್ಟಿ ನೀರು ಹೇಗೆ ಕೊರೆಯುತ್ತದೆಂದು ನಮಗೆ ಗೊತ್ತು.

ನಮ್ಮ ಊರುಗಳ ಬಚ್ಚಲುಮನೆ ನೆನೆಯಿರಿ. ತಾಮ್ರದ ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಹೂತಿರುತ್ತಾರೆ. ರಾತ್ರಿ ಕೆಂಡದ ಮೇಲೆ ಬೂದಿ ಎಳೆದು, ಹಂಡೆಗೆ ಮುಚ್ಚಳ ಹಾಕಿ ಮಲಗಿದರೆ ಬೆಳಗ್ಗೆ ನೀರು ಇನ್ನೂ ಬೆಚ್ಚಗಿರುತ್ತದೆ. ಸುತ್ತಲಿನ ದಪ್ಪ ಮಣ್ಣು ಶಾಖವನ್ನು ಹಿಡಿದಿಡುತ್ತದೆ; ಮುಚ್ಚಳ ಅದನ್ನು ಆವಿಯೊಡನೆ ಹಾರಿಹೋಗಗೊಡುವುದಿಲ್ಲ. ಬೀದರಿನ ಗೆಳೆಯರು ಕೋಟೆಯೊಳಗಿನ ಶಾಹಿ ಹಮಾಮನ್ನು ಕಂಡಿರುತ್ತೀರಿ. ಈಗ ಅದರಲ್ಲಿ ವಸ್ತುಸಂಗ್ರಹಾಲಯವಿದೆ. ದೊರೆಗಳ ಸ್ನಾನಕ್ಕೆ ಒಂದು ಕಟ್ಟಡವೇ ಇತ್ತು. ನಮಗೆ ಒಂದು ಬಕೆಟ್ಟು ಸಾಕು.

ಬಾಡಿಗೆ ಕೋಣೆಯಲ್ಲಿ ಹಂಡೆಗೆ ಜಾಗವೆಲ್ಲಿ? ಆದ್ದರಿಂದ ಕರೆಂಟಿನ ರಾಡು ಬಂತು. ಲೆಕ್ಕ ಕೇಳಿ: 20 ಲೀಟರು ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿಗೆ ಹತ್ತಿರ ಕರೆಂಟು ಬೇಕು. ಹತ್ತು ಜನರಿಗೆ ತಿಂಗಳಿಗೆ ಸುಮಾರು 140 ಯೂನಿಟ್ಟು. ಹಣ ಹೋದರೆ ಹೋಗಲಿ. ರಾಡು ಉರಿಯುತ್ತಿರುವಾಗಲೇ ನೀರಿಗೆ ಕೈ ಅದ್ದಿ ಪ್ರಾಣ ಬಿಟ್ಟವರಿದ್ದಾರೆ. ಇನ್ನು ಕೆಲವರು ಚಳಿ ಕಾಯಲು ಕೋಣೆಯ ಬಾಗಿಲು ಹಾಕಿಕೊಂಡು ಇದ್ದಲಿನ ಸಿಗಡಿ ಇಟ್ಟು ಮಲಗುತ್ತಾರೆ. ದಯವಿಟ್ಟು ಬೇಡಿ! ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವನು ಏಳುವುದಿಲ್ಲ. ಬಿಸಿನೀರನ್ನು ಭದ್ರವಾದ ಶೀಶೆಗೆ ತುಂಬಿ, ಬಟ್ಟೆ ಸುತ್ತಿ ಕಂಬಳಿಯೊಳಗಿಟ್ಟುಕೊಳ್ಳಿ.

ದಾರಿ ನಮ್ಮ ತಲೆಯ ಮೇಲೆಯೇ ಇದೆ, ಮಾಳಿಗೆಯ ಮೇಲೆ. ಬೆಂಗಳೂರಿನಲ್ಲಿ ಸೌರ ಹಂಡೆಗಳನ್ನು ನೋಡಿದ್ದೀರಿ. ಕರ್ನಾಟಕ ಸರ್ಕಾರ 2007ರಲ್ಲಿ ಹಲವು ಬಗೆಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ದಕ್ಷಿಣಕ್ಕೆ ಮುಖ ಮಾಡಿದ ಕಪ್ಪು ತಗಡು ಬಿಸಿಲು ಹೀರುತ್ತದೆ. ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ತಾನೇ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ. ತೊಟ್ಟಿಯ ಸುತ್ತ ಎರಡು ಅಂಗುಲ ದಪ್ಪದ ನೊರೆಯಂಥ ಹೊದಿಕೆ. ನಮ್ಮ ಹಂಡೆಯ ಮಣ್ಣಿನ ಕೆಲಸವನ್ನೇ ಅದು ಮಾಡುತ್ತದೆ. ಮಧ್ಯಾಹ್ನದ ಬಿಸಿಲು ಬೆಳಗಿನ ನಾಲ್ಕಕ್ಕೆ ನಲ್ಲಿಯಲ್ಲಿ ಬರುತ್ತದೆ. ಮೋಡದ ದಿನ ಸೊರಗುವುದು ನಿಜ. ಆದರೆ ಚಳಿಗಾಲದಲ್ಲಿ ಇಲ್ಲಿ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ. 60 ಡಿಗ್ರಿಯ ನೂರು ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಹತ್ತು ಬಕೆಟ್ಟು, ಹತ್ತು ಜನರ ಸ್ನಾನ.

ಮಾಳಿಗೆ ನಮ್ಮದಲ್ಲ, ಮಾಲಿಕರದು. ಒಬ್ಬೊಬ್ಬನೇ ಕೇಳಿದರೆ ‘ಊರಿಗೆ ಹೋಗಿ ಮೀಯಪ್ಪಾ’ ಅನ್ನುತ್ತಾರೆ. ಕೆಲಸಗಾರರನ್ನು ಇಳಿಸಿರುವ ಪ್ರತಿ ವಸತಿಗೂ ಸೌರ ಹಂಡೆ ಬೇಕೆಂಬುದನ್ನು ಮುಂದಿನ ಬೇಡಿಕೆ ಪತ್ರದಲ್ಲಿ ಸೇರಿಸಬೇಕೆಂದು ನನ್ನ ಸೂಚನೆ. ಅಲ್ಲಿಯವರೆಗೆ, ಕಟ್ಟಿಗೆಯ ಭಟ್ಟಿ ಇರುವ ಹೋಟೆಲುಗಳಲ್ಲಿ ರಾತ್ರಿ ಬೆಂಕಿ ಆರಿದ ಮೇಲೆ ಬಿಸಿ ಭಟ್ಟಿಯ ಮೇಲೆ ನೀರಿನ ಪಾತ್ರೆಯಿಟ್ಟು ಮುಚ್ಚಿ, ಗೋಣಿ ಹೊದಿಸಲು ಅನುಮತಿ ಕೇಳೋಣ. ಮಾಲಿಕರಿಗೆ ಕಾಸೂ ಖರ್ಚಿಲ್ಲ.

ನಿಮ್ಮ ವಸತಿಯಲ್ಲಿ ಎಷ್ಟು ಜನರಿದ್ದೀರಿ, ಮಾಳಿಗೆಗೆ ಬಿಸಿಲು ಬೀಳುತ್ತದೆಯೇ, ಇವೆರಡನ್ನೂ ಹೋಗುವ ಮುನ್ನ ಕಾರ್ಯದರ್ಶಿಗಳ ಬಳಿ ಬರೆಸಿ.