ಗೌರವ ಡಾಕ್ಟರೇಟ್ ಕೊಡುವ ಅಧಿಕಾರ ಯಾರಿಗಿದೆ?

ನಿಮ್ಮ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ‘ನಮ್ಮ ತಂದೆಯವರ ಸಮಾಜಸೇವೆ ಮೆಚ್ಚಿ ಯಾವುದೋ ಸಂಸ್ಥೆ ಗೌರವ ಡಾಕ್ಟರೇಟ್ ಕೊಡುತ್ತದಂತೆ, ಸಮಾರಂಭದ ಖರ್ಚಿಗೆ ದುಡ್ಡು ಕಟ್ಟಬೇಕಂತೆ. ಕಟ್ಟೋಣವೇ?’

ಕಟ್ಟಬೇಡಿ. ಯಾಕೆ ಎಂಬುದನ್ನು ಹೇಳುತ್ತೇನೆ.

ಗೌರವಕ್ಕೆ ಕೊಟ್ಟರೂ ಡಾಕ್ಟರೇಟ್ ಒಂದು ಪದವಿಯೇ. ಪದವಿಯನ್ನು ಯಾರು ಕೊಡಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 1956ರ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಸಂಸತ್ತು ಅಥವಾ ರಾಜ್ಯದ ಶಾಸನಸಭೆ ಮಾಡಿದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತೇ ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಪಟ್ಟಿ ಇಲ್ಲಿಗೆ ಮುಗಿಯಿತು.

ಇಷ್ಟು ಹೇಳಿದ ಕೂಡಲೇ ವಾದ ಶುರುವಾಗುತ್ತದೆ. ‘ಅವರ ಟ್ರಸ್ಟ್ ರಿಜಿಸ್ಟರ್ ಆಗಿದೆ ಸಾರ್, ಐಎಸ್‌ಒ ಸರ್ಟಿಫಿಕೇಟ್ ಇದೆ, ಅಮೆರಿಕದಲ್ಲೂ ನೋಂದಣಿ ಇದೆ.’ ಇರಲಿ. ನೋಂದಣಿ ಬೇರೆ, ಪದವಿ ಕೊಡುವ ಅಧಿಕಾರ ಬೇರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರು ಬೇಕಾದರೂ ಟ್ರಸ್ಟ್ ಮಾಡಿಸಬಹುದು, ಸೊಸೈಟಿಯನ್ನೂ ಕಟ್ಟಬಹುದು. ಅದರಿಂದ ಅಲ್ಲೊಂದು ಸಂಘ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಅದಕ್ಕೆ ಯಾರನ್ನೂ ಡಾಕ್ಟರ್ ಮಾಡುವ ಶಕ್ತಿ ಬರುವುದಿಲ್ಲ. ನಾನು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿದ್ದಾಗ ಇಂಥ ಪ್ರಮಾಣಪತ್ರ ಹಿಡಿದು ಬಂದವರಿಗೆ ಇದನ್ನೇ ಹೇಳಿ ಹೇಳಿ ಗಂಟಲು ಒಣಗುತ್ತಿತ್ತು. ಹಾಳೆ ದಪ್ಪಗಿರುತ್ತಿತ್ತು, ಚಿನ್ನದ ಬಣ್ಣದ ಮೊಹರೂ ಇರುತ್ತಿತ್ತು. ‘ಯಾವ ಕಾಯ್ದೆಯಡಿ ಕೊಟ್ಟರು?’ ಎಂದು ಕೇಳಿದರೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ನೋಂದಣಿ ಬೇರೆ, ಅಧಿಕಾರ ಬೇರೆ.

ಎರಡನೆಯದು, ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ನೋಡಿ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಸರು ಸಿಂಡಿಕೇಟ್ ಮುಂದೆ ಬರುತ್ತದೆ, ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆ ಆಗಬೇಕು, ಆಮೇಲೆ ಘಟಿಕೋತ್ಸವ. ಗೌರವ ಪಡೆಯುವವರಿಂದ ಶುಲ್ಕ ಕೇಳುವ ಹಂತ ಇದರಲ್ಲಿ ಎಲ್ಲೂ ಇಲ್ಲ. ಹೊರದೇಶದವರೂ ಹೀಗೆಯೇ. 1940ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವವೇ ಶಾಂತಿನಿಕೇತನದಲ್ಲಿ ನಡೆದು ಠಾಗೋರರಿಗೆ ಡಾಕ್ಟರೇಟ್ ಸಂದಿತು. ಅವರಿಂದ ಯಾರೂ ‘ಡೆಲಿಗೇಟ್ ಶುಲ್ಕ’ ಕೇಳಿರಲಿಲ್ಲ! ಹೋಟೆಲ್ ಹಾಲಿನಲ್ಲಿ ಬಾಡಿಗೆ ಗೌನು ತೊಡಿಸಿ, ಶಾಲು, ಊಟ, ಫೋಟೋ ಎಂದು ಬಿಲ್ಲು ಕೊಟ್ಟರೆ ನೀವು ಕೊಂಡದ್ದು ಶಾಲು ಮತ್ತು ಊಟ.

ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳುವ ವಿಚಾರವನ್ನೂ ತುಂಬಾ ಜನ ಕೇಳಿದ್ದೀರಿ. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ನಾಡೇ ‘ಡಾ. ರಾಜ್‌ಕುಮಾರ್’ ಎಂದು ಕರೆಯಿತು. ಅದು ಜನರ ಪ್ರೀತಿ. ನಿಜವಾದ ಗೌರವ ಡಾಕ್ಟರೇಟ್ ಕೂಡ ಸಂಶೋಧನೆ ಮಾಡಿ ಪಡೆದ ಪಿಎಚ್‌.ಡಿ. ಅಲ್ಲ, ಕೆಲಸಕ್ಕೆ, ಬಡ್ತಿಗೆ ಅದನ್ನು ತೋರಿಸುವಂತಿಲ್ಲ. ಪದ್ಮ ಪ್ರಶಸ್ತಿಗಳ ವಿಷಯದಲ್ಲಂತೂ ಸುಪ್ರೀಂ ಕೋರ್ಟ್ 1995ರಲ್ಲೇ ಸ್ಪಷ್ಟವಾಗಿ ಹೇಳಿದೆ: ಅವು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸುವಂತಿಲ್ಲ. ನಮ್ಮ ಆಹ್ವಾನಪತ್ರಿಕೆಗಳು ಅದನ್ನು ಇನ್ನೂ ಓದಿದಂತಿಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ದುಡ್ಡಿನ ಮಾತು ಎತ್ತಿದವರ ಹೆಸರು ಆಯೋಗದ ಜಾಲತಾಣದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿದೆಯೇ ನೋಡಿ; ನಕಲಿಗಳ ಪಟ್ಟಿಯೂ ಅಲ್ಲೇ ಇದೆ. ನಕಲಿ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅಸಲಿ ಅಂದುಕೊಳ್ಳಬೇಡಿ. ಈಗಾಗಲೇ ಆನ್‌ಲೈನಿನಲ್ಲಿ ಹಣ ಕಟ್ಟಿ ಮೋಸಹೋಗಿದ್ದರೆ ರಸೀದಿ, ಸಂದೇಶ ಅಳಿಸದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಗೂ ದೂರು ಕೊಡಿ. 1956ರ ಕಾಯ್ದೆ ಇಟ್ಟ ದಂಡ ಸಾವಿರ ರೂಪಾಯಿ, ಅದಕ್ಕೆ ಯಾರೂ ಹೆದರುವುದಿಲ್ಲ. ವಂಚನೆಯ ಕೇಸಿಗೆ ಹೆದರುತ್ತಾರೆ. ‘ಊರವರಿಗೆ ಗೊತ್ತಾದರೆ ಮರ್ಯಾದೆ ಏನಾಗಬೇಕು’ ಎಂದು ಬಾಯಿ ಮುಚ್ಚಿ ಕೂರಬೇಡಿ. ನೀವು ಹಾಗೆ ಕೂರುತ್ತೀರಿ ಎಂಬ ಧೈರ್ಯದಲ್ಲೇ ಅವರು ಮುಂದಿನ ಹಾಲ್ ಬುಕ್ ಮಾಡುವುದು.