ಫೋನಿನಿಂದ ಪಂಪ್‌ಸೆಟ್ ನಡೆಸುವುದು



ರಾತ್ರಿ ತ್ರೀಫೇಸ್ ವಿದ್ಯುತ್ ಬಂದಾಗ ಟಾರ್ಚ್ ಹಿಡಿದು ತೋಟಕ್ಕೆ ಹೋಗುವ ಕಷ್ಟ ತಮಗೆ ಹೊಸದಲ್ಲ. ಮನೆಯ ದೀಪ, ಫ್ಯಾನುಗಳನ್ನು ಮೊಬೈಲ್ ಫೋನಿನಿಂದ ನಡೆಸುವ ವಿಧಾನವನ್ನೇ ಪಂಪ್‌ಸೆಟ್ಟಿಗೂ ಅಳವಡಿಸಬಹುದು. ಅದಕ್ಕೆ ಬೇಕಾದ ಆ್ಯಪ್ ಸಿದ್ಧಪಡಿಸುವಾಗ ಗಮನಿಸಬೇಕಾದ ಅಂಶಗಳನ್ನು ಇಂದು ತಿಳಿಸಬಯಸುತ್ತೇನೆ.

ವ್ಯವಸ್ಥೆ ಸರಳವಾದುದು. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಸಿಮ್ ಹಾಕಿದ ಒಂದು ಚಿಕ್ಕ ಸಾಧನವಿರುತ್ತದೆ. ಆ್ಯಪ್‌ನಲ್ಲಿ ಗುಂಡಿ ಒತ್ತಿದರೆ ಸಂದೇಶವು ಸರ್ವರ್ ಮೂಲಕ ಈ ಸಾಧನಕ್ಕೆ ತಲುಪುತ್ತದೆ. ಅದರ ರಿಲೇ ಸ್ಟಾರ್ಟರನ್ನು ಚಾಲೂ ಮಾಡುತ್ತದೆ.

ನನ್ನ ತಮ್ಮನ ಟೊಮೇಟೊ ತೋಟಕ್ಕೆ ನಾನೇ ಇಂಥ ಆ್ಯಪ್ ಬರೆದೆ. ಗುಂಡಿ ಒತ್ತಿದ ಕೂಡಲೇ ಹಸಿರು ಗುರುತು ಬರುತ್ತಿತ್ತು. ಒಂದು ರಾತ್ರಿ ಹಸಿರು ಕಂಡ ತಮ್ಮ ನಿಶ್ಚಿಂತೆಯಿಂದ ಮಲಗಿದ. ಬೆಳಿಗ್ಗೆ ನೋಡಿದರೆ ಸಾಲುಗಳಲ್ಲಿ ನೀರಿಲ್ಲ. ತೋಟದಲ್ಲಿ ಸಿಗ್ನಲ್ ಇಲ್ಲದೆ ಸಂದೇಶ ತಲುಪಿಯೇ ಇರಲಿಲ್ಲ. "ಅಣ್ಣಾ, ನಿನ್ನ ಫೋನಿಗಿಂತ ನನ್ನ ಟಾರ್ಚೇ ವಾಸಿ" ಎಂದ. ತಪ್ಪು ನನ್ನದು. ಗುಂಡಿ ಒತ್ತಿದ್ದನ್ನು ತೋರಿಸಿದ್ದೆನೇ ಹೊರತು ಮೋಟಾರು ಓಡಿದ್ದನ್ನಲ್ಲ.

ಅನಂತರ ಮಾಡಿದ ತಿದ್ದುಪಡಿಗಳು ಇವು:

1. ಮೋಟಾರಿನ ತಂತಿಗೆ ಕರೆಂಟ್ ಅಳೆಯುವ ಸುರುಳಿ ಹಾಕಿದೆವು. ಆಂಪಿಯರ್ ಅಳತೆ ಫೋನಿಗೆ ಮರಳಿ ಬಂದ ಮೇಲೆಯೇ ಹಸಿರು, ಅಲ್ಲಿಯವರೆಗೆ ಹಳದಿ.

2. ಸಂದೇಶಗಳಿಗೆ ಎಂ.ಕ್ಯೂ.ಟಿ.ಟಿ. ಪದ್ಧತಿಯನ್ನು ಬಳಸಿದೆವು. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ದೂರದ ತೈಲ ಕೊಳವೆಮಾರ್ಗಗಳ ಮೇಲ್ವಿಚಾರಣೆಗಾಗಿ ರೂಪಿಸಿದರು. ಆದುದರಿಂದ ದುರ್ಬಲ ಸಂಪರ್ಕಕ್ಕೆ ಸೂಕ್ತ. ಮೊದಲೇ ಏರ್ಪಾಡು ಮಾಡಿಟ್ಟರೆ, ಸಾಧನದ ಸಂಪರ್ಕ ಕಡಿದುದನ್ನು ಸರ್ವರ್ ತಾನೇ ಆ್ಯಪ್‌ಗೆ ತಿಳಿಸುತ್ತದೆ.

3. ಪ್ರತಿ ಸಂದೇಶಕ್ಕೂ ವೇಳೆ ನಮೂದಿಸಿದೆವು. ಒಂದು ನಿಮಿಷ ಮೀರಿ ಬಂದುದನ್ನು ಸಾಧನ ತಳ್ಳಿಹಾಕುತ್ತದೆ. ಇಲ್ಲವಾದರೆ ಸಿಗ್ನಲ್ ಬಂದಾಗ ಮೋಟಾರು ಅಕಾಲದಲ್ಲಿ ಓಡೀತು.

4. ಬೋರ್‌ವೆಲ್ ಬರಿದಾದರೆ ಆಂಪಿಯರ್ ಇಳಿಯುತ್ತದೆ. ಆಗಲೂ, ಒಂದು ಫೇಸ್ ಹೋದಾಗಲೂ ಮೋಟಾರು ನಿಲ್ಲಿಸುವ ಕೆಲಸ ಪೆಟ್ಟಿಗೆಯಲ್ಲಿಯೇ ನಡೆಯಬೇಕು. ಅದನ್ನು ಫೋನಿಗೆ ಬಿಡಬಾರದು.

ಜೀವದ ಮಾತು ಒಂದಿದೆ. ತಾವು ರಿಪೇರಿ ಮಾಡುತ್ತಿರುವಾಗ ಮನೆಯಲ್ಲಿರುವ ಮಗ ತಿಳಿಯದೆ ಗುಂಡಿ ಒತ್ತಬಹುದು. ಪೆಟ್ಟಿಗೆ ತೆರೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಮೂರೂ ಫ್ಯೂಸ್‌ಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿರಿ.

ಇಂಥ ಸಾಧನ ಕೊಳ್ಳುವಾಗ ಅದರ ಸಿಮ್ ತೆಗೆಸಿ, ಫೋನಿನಲ್ಲಿ ಗುಂಡಿ ಒತ್ತಿ ನೋಡಿರಿ. ಆಗಲೂ ಹಸಿರು ಬಂದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ.