ಯಾವ ಗಡಿಯಾರ ಒಳ್ಳೆಯದು?

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಈಗ ನಿಮಗೆ ಅಂಕಿ ಓದಲು ಬರುತ್ತದೆ. ಗಡಿಯಾರ ನೋಡಲೂ ಬರುತ್ತದೆ. ಇವತ್ತು ಗಡಿಯಾರವನ್ನೇ ಪರೀಕ್ಷೆ ಮಾಡೋಣ.

ಕೀಲಿ ಕೊಡುವ ಎರಡು ಗಡಿಯಾರ ಇವೆ ಅಂತ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಎರಡಕ್ಕೂ ಸರಿಯಾದ ಸಮಯ ಇಟ್ಟೆವು. ಆಮೇಲೆ ಮುಳ್ಳು ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ನೋಡಿ ಬರೆದೆವು.

ಮೊದಲನೆಯದು ಮಂಗಳವಾರ 2 ನಿಮಿಷ ಹಿಂದೆ. ಬುಧವಾರ 4 ನಿಮಿಷ ಹಿಂದೆ. ಗುರುವಾರ 6 ನಿಮಿಷ ಹಿಂದೆ.

ಎರಡನೆಯದು ಮಂಗಳವಾರ 3 ನಿಮಿಷ ಮುಂದೆ. ಬುಧವಾರ 2 ನಿಮಿಷ ಹಿಂದೆ. ಗುರುವಾರ ಸರಿಯಾಗಿದೆ.

ಯಾವುದು ಒಳ್ಳೆಯದು? ಹೇಳಿ ನೋಡೋಣ.

"ಎರಡನೆಯದು" ಅಂತೀರಿ. ಗುರುವಾರ ಅದೇ ಸರಿ ಇತ್ತಲ್ಲ! ಆದರೆ ಶುಕ್ರವಾರ ಅದು ಏನು ತೋರಿಸುತ್ತದೆ? ಯಾರಿಗೂ ಗೊತ್ತಿಲ್ಲ. ಮೊದಲನೆಯದು 8 ನಿಮಿಷ ಹಿಂದೆ ಇರುತ್ತದೆ ಅಂತ ಈಗಲೇ ಹೇಳಬಹುದು. ಅಷ್ಟು ಕೂಡಿಸಿಕೊಂಡರೆ ಸರಿಯಾದ ಸಮಯ ಸಿಕ್ಕಿತು. ಅದರ ನಡಿಗೆ ನಿಧಾನ. ಆದರೆ ಒಂದೇ ಸಮ. ಒಂದೇ ಸಮ ನಡೆಯುವುದೇ ಗಡಿಯಾರದ ದೊಡ್ಡ ಗುಣ.

ಈ ಗುಣದಿಂದ ಎಷ್ಟೋ ಜೀವ ಉಳಿದಿವೆ. ಹಿಂದೆ ನಡುಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ತಿಳಿಯುವುದು ಕಷ್ಟ. ದಾರಿ ತಪ್ಪಿ ಹಡಗುಗಳು ಬಂಡೆಗೆ ಬಡಿದು ಮುಳುಗುತ್ತಿದ್ದವು. ಹೊರಟ ಊರಿನಲ್ಲಿ ಈಗ ಎಷ್ಟು ಗಂಟೆ ಅಂತ ಗೊತ್ತಿದ್ದರೆ, ಸೂರ್ಯನನ್ನು ನೋಡಿ ಪೂರ್ವ ಪಶ್ಚಿಮಕ್ಕೆ ಎಷ್ಟು ದೂರ ಬಂದೆವು ಅಂತ ಲೆಕ್ಕ ಹಾಕಬಹುದು. ಆದರೆ ಅಲೆಯ ಕುಲುಕಾಟಕ್ಕೆ, ಸೆಕೆ ಚಳಿಗೆ ಗಡಿಯಾರದ ನಡಿಗೆ ಕೆಡುತ್ತಿತ್ತು.

ಇಂಗ್ಲೆಂಡಿನಲ್ಲಿ ಜಾನ್ ಹ್ಯಾರಿಸನ್ ಎಂಬ ಬಡಗಿ ಇದ್ದ. ಹಲವು ವರ್ಷ ದುಡಿದು ಅವನು ಒಂದು ಗಡಿಯಾರ ಮಾಡಿದ. 1761ರಲ್ಲಿ ಅದನ್ನು ಹಡಗಿನಲ್ಲಿ ಜಮೈಕಾ ದ್ವೀಪಕ್ಕೆ ಕಳಿಸಿದರು. ಅದು ಕೂಡ ದಿನಕ್ಕೆ ಸುಮಾರು 3 ಸೆಕೆಂಡು ಹಿಂದೆ ಬೀಳುತ್ತಿತ್ತು. ಹೊರಡುವ ಮೊದಲೇ ಅದನ್ನು ಅಳೆದು ಬರೆದಿಟ್ಟಿದ್ದರು. ಜಮೈಕಾದಲ್ಲಿ ಆ ಲೆಕ್ಕ ಸೇರಿಸಿ ನೋಡಿದರು. ಎರಡು ತಿಂಗಳು ಕಳೆದರೂ ತಪ್ಪು ಬರೀ 5 ಸೆಕೆಂಡು!

ಇಂದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಪರಮಾಣು ಗಡಿಯಾರಗಳಿವೆ. ಭಾರತದ ಸಮಯ ಕಾಯುವುದು ಅವೇ. ಅವನ್ನು ಕೂಡ ಬೇರೆ ಗಡಿಯಾರಗಳ ಜೊತೆ ಹೋಲಿಸಿ ವ್ಯತ್ಯಾಸ ಬರೆದಿಡುತ್ತಾರೆ.

ನೀವೂ ಮಾಡಿ ನೋಡಿ. ಗೋಡೆ ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಸರಿಮಾಡಿ. ಮೊಬೈಲಿಗೆ ಸಮಯ ಟವರಿನಿಂದ ಬರುತ್ತದೆ. ಆಮೇಲೆ ಐದು ವಾರ ಮುಳ್ಳು ಮುಟ್ಟಬೇಡಿ. ಪ್ರತಿ ಭಾನುವಾರ ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಅಂತ ಬರೆಯಿರಿ. ವ್ಯತ್ಯಾಸ ವಾರವಾರವೂ ಒಂದೇ ಸಮ ಬೆಳೆದರೆ ಗಡಿಯಾರ ಒಳ್ಳೆಯದು. ಆಗಾಗ ಮುಳ್ಳು ತಿದ್ದಿದರೆ ಸಾಕು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆದರೆ ಸೆಲ್ಲು ಬದಲಿಸಿ ಮತ್ತೆ ಬರೆಯಿರಿ.

ಒಂದು ದಿನದ ನೋಟ ನಂಬಬೇಡಿ. ಐದು ವಾರದ ನಿಮ್ಮ ಬರಹ ನಂಬಿ.